ಹಳೇ ಮಾರುತಿ 800: ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತಿದ್ದಾರೆ, ಮನೇಲೇ ಬಿಚ್ಚಬಹುದಾ?

ಆಗುಂಬೆ_ಮಳೆ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮನೇಲಿ 1997ರ ಮಾರುತಿ 800 ಇದೆ, ಕಾರ್ಬ್ಯುರೇಟರ್ ಗಾಡಿ. ಅಪ್ಪ ಶೋರೂಮಿಂದ ತಂದಿದ್ದು, ಇವತ್ತಿಗೂ ಬೇರೆಯವರ ಹೆಸರಿಗೆ ಹೋಗಿಲ್ಲ. ಹೋದ ಭಾನುವಾರ ಉಡುಪಿಯಿಂದ ವಾಪಸ್ ಬರ್ತಾ ಆಗುಂಬೆ ಘಾಟಿ ಹತ್ತುತ್ತಿದ್ದೆ. ಮುಂದೆ ಒಂದು ಮಿನಿ ಬಸ್ಸು, ಅದರ ಹಿಂದೆ ಫಸ್ಟ್ ಗೇರಲ್ಲೇ ತೆವಳಿಕೊಂಡು ಬಂದೆ. 14 ತಿರುವಲ್ಲಿ ಎಂಟೋ ಒಂಬತ್ತೋ ದಾಟಿರಬೇಕು, ಟೆಂಪರೇಚರ್ ಮುಳ್ಳು ಕೆಂಪು ಮುಟ್ಟಿತು. ನಿಲ್ಲಿಸೋಕೆ ಜಾಗ ಸಿಗೋ ಹೊತ್ತಿಗೆ ಬಾನೆಟ್ ಸಂದಿಯಿಂದ ಹಬೆ. ಗಾಬರಿಯಲ್ಲಿ ಅಲ್ಲೇ ಹರೀತಿದ್ದ ನೀರನ್ನ ಬಾಟಲೀಲಿ ತುಂಬಿ ರೇಡಿಯೇಟರಿಗೆ ಸುರಿದೆ. ಹೇಗೋ ಮನೆ ಮುಟ್ಟಿದ್ವಿ.

ಈಗ ಹೀಗಾಗ್ತಿದೆ: 20 ಕಿಲೋಮೀಟರ್ ಓಡಿಸಿದರೆ ಒಂದು ಲೀಟರ್ ನೀರು ಖಾಲಿ. ಕೆಳಗೆ ಎಲ್ಲೂ ಸೋರಿದ ಗುರುತಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಒಂದು ನಿಮಿಷ ನಡುಗುತ್ತೆ, ಆಮೇಲೆ ಸರಿಹೋಗುತ್ತೆ. ಬಿಳಿ ಹೊಗೆ ಇದೆ. ಆಯಿಲ್ ಕ್ಯಾಪ್ ತೆಗೆದರೆ ಒಳಗಡೆ ಬೆಣ್ಣೆ ಥರ ಬಿಳಿ ಅಂಟಿದೆ.

ಒಂದು ಗ್ಯಾರೇಜಲ್ಲಿ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಅದರ ಮೇಲೆ ಮುಚ್ಚಳದ ಹಾಗೆ ಕೂರೋ ಹೆಡ್ಡಿಗೂ ನಡುವೆ ಇರೋ ಸೀಲ್ ಹಾಳೆ) ಹೋಗಿದೆ, ಇಂಜಿನ್ ಪೂರ್ತಿ ಇಳಿಸಬೇಕು, 28 ಸಾವಿರ ಅಂದರು. ಇನ್ನೊಂದು ಕಡೆ ರೇಡಿಯೇಟರಿಗೆ ಒಂದು ಪುಡಿ ಹಾಕ್ತೀನಿ, 400 ಕೊಡಿ, ಎಲ್ಲ ಮುಚ್ಚಿಕೊಳ್ಳುತ್ತೆ ಅಂದರು. ಟ್ಯಾಪೆಟ್ ಸೆಟ್ಟಿಂಗು (ವಾಲ್ವಿನ ಸಂದಿ ಸರಿ ಮಾಡೋದು), ಕಾರ್ಬ್ಯುರೇಟರ್ ಕ್ಲೀನಿಂಗು ಅಪ್ಪನ ಜೊತೆ ಎಷ್ಟೋ ಸಲ ಮಾಡಿದ್ದೀನಿ. ಹೆಡ್ ಮಾತ್ರ ಯಾವತ್ತೂ ಎತ್ತಿಲ್ಲ. ಧೈರ್ಯ ಮಾಡಬಹುದಾ?

ಮೈಸೂರು_800

ಮಾಡಬಹುದು. ಆದರೆ ಸ್ಪ್ಯಾನರ್ ಕೈಗೆತ್ತಿಕೊಳ್ಳೋ ಮುಂಚೆ ಹೋಗಿರೋದು ಗ್ಯಾಸ್ಕೆಟ್ಟೇ ಅಂತ ಖಾತ್ರಿ ಮಾಡಿಕೊಳ್ಳಿ.

ಆ ಬಿಳಿ ಬೆಣ್ಣೆ ನೋಡಿ ಹೆದರಬೇಡಿ. ನಿಮ್ಮ ಕಡೆ ಮಳೆಗಾಲ, ಗಾಡಿ ದಿನಾ ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುತ್ತೇನೋ. ಇಂಜಿನ್ ಪೂರ್ತಿ ಕಾಯದೇ ಇದ್ದರೆ ಒಳಗಿನ ತೇವ ಕ್ಯಾಪಿನ ತಣ್ಣನೆ ತಗಡಿಗೆ ಕೂತು ಆಯಿಲ್ ಜೊತೆ ಹಾಗಾಗುತ್ತೆ. ಒಳ್ಳೇ ಇಂಜಿನ್ನಲ್ಲೂ ನೋಡಿದ್ದೀನಿ. ಡಿಪ್‌ಸ್ಟಿಕ್ ಎಳೆದು ನೋಡಿ. ಅದರಲ್ಲೂ ಹಾಲು ಬೆರೆಸಿದ ಕಾಫಿ ಬಣ್ಣ ಇದ್ದರೆ ನೀರು ಆಯಿಲಿಗೆ ಇಳಿದಿದೆ, ಆಗ ಒಂದು ಮಾರೂ ಓಡಿಸಬೇಡಿ, ಬೇರಿಂಗ್ ಹೋಗುತ್ತೆ.

ನಾಳೆ ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು, ಕುತ್ತಿಗೆವರೆಗೂ ನೀರು ತುಂಬಿ ಸ್ಟಾರ್ಟ್ ಮಾಡಿ. ಮೊದಲಿಗೆ ಒಂದೆರಡು ಗುಳ್ಳೆ ಬರೋದು ಸಹಜ. ಬಿಡದೆ ಒಂದೇ ಸಮ ಬರ್ತಿದ್ದರೆ, ಆಕ್ಸಿಲರೇಟರ್ ಕೊಟ್ಟಾಗ ಜಾಸ್ತಿ ಆದರೆ, ಅದು ಸಿಲಿಂಡರಿನ ಗ್ಯಾಸು. ಆಮೇಲೆ ಮೂರೂ ಪ್ಲಗ್ ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಿ. ನೀರು ಕುಡೀತಿರೋ ಸಿಲಿಂಡರಿನ ಪ್ಲಗ್ ತೊಳೆದಿಟ್ಟ ಹಾಗೆ ಬೆಳ್ಳಗಿರುತ್ತೆ. ಸಿಲಿಂಡರಿನೊಳಗಿನ ಒತ್ತಡ ಅಳೆಯೋ ಕಂಪ್ರೆಶನ್ ಗೇಜ್ ಯಾರದಾದರೂ ಸಿಕ್ಕರೆ ಇನ್ನೂ ಒಳ್ಳೇದು.

ಪಾನಾ_ಹುಬ್ಬಳ್ಳಿ

ತಮ್ಮಾ, ನಾ ಪಾನಾ ಹಿಡದು 31 ವರ್ಷ ಆತು. ಒಂದ್ ಮಾತು ಹೇಳ್ತೀನಿ ಕೇಳ್ರಿ. ಹೆಡ್ ಗ್ಯಾಸ್ಕೆಟ್ ತಾನಾಗೇ ಹೋಗೂದು ಭಾಳ ಕಡಿಮಿ. ಅದನ್ನ ಯಾವುದೋ ಒಂದು ಸುಟ್ಟಿರತೈತಿ. ನೀವು ಹೊಸಾದು ಹಾಕಿ, ಸುಡಾಕ ಕಾರಣ ಆದದ್ದನ್ನ ಹಂಗ ಬಿಟ್ರ, ಆರು ತಿಂಗಳಿಗೆ ಮತ್ತ ಅದೇ ಕೆಲಸ. ನನ್ನ ಹತ್ರ ಬರೋ ಗಾಡಿಗೊಳೊಳಗ ಬ್ಯಾರೆ ಕಡೆ ಒಮ್ಮೆ ಗ್ಯಾಸ್ಕೆಟ್ ಹಾಕಿಸಿಕೊಂಡು ಬಂದವೇ ಜಾಸ್ತಿ.

ಹಳೇ ಅಂಬಾಸಿಡರಿಗೆ ಬ್ಲಾಕೂ ಬೀಡು, ಹೆಡ್ಡೂ ಬೀಡು. ಕುದ್ದು ಕುದ್ದು ಹಬಿ ಹಾರಿದ್ರೂ ತಡಕೋತಿತ್ತು. ಮಾರುತಿ ಹೆಡ್ ಅಲ್ಯುಮಿನಿಯಂ ಐತಿ. ಕಾದಾಗ ಅಲ್ಯುಮಿನಿಯಂ ಉಕ್ಕಿನ ಬೋಲ್ಟಿಗಿಂತ ಹೆಚ್ಚುಕಡಿಮಿ ಎರಡು ಪಟ್ಟು ಹಿಗ್ಗತೈತಿ. ಬೋಲ್ಟು ಹಿಗ್ಗಾಕ ಬಿಡಂಗಿಲ್ಲ. ಹೆಡ್ ನಡುವ ಉಬ್ಬತೈತಿ, ಗ್ಯಾಸ್ಕೆಟ್ ಹಿಚುಕಿ ಹೋಗತೈತಿ. ಆರಿದ ಮ್ಯಾಲೆ ಮೊದಲಿನ ಬಿಗಿ ಉಳಿಯಂಗಿಲ್ಲ, ಸಂದಿ ಬಿಡತೈತಿ. ಮ್ಯಾಲೆ ನೀವು ಕಾದ ಹೆಡ್ಡಿಗೆ ಹಳ್ಳದ ಥಂಡಾ ನೀರು ಹಾಕೀರಿ. ಸೀಳು ಬಿಟ್ಟಿರಬಹುದು, ಲೇತಿನ್ಯಾಗ ತೋರಸ್ರಿ. ಇನ್ನ ಮುಂದ ಹಂಗ ಕಾದ್ರ ಗಾಡಿ ಬಂದ್ ಮಾಡಿ ಅರ್ಧ ತಾಸು ಕುಂಡ್ರಿ, ಕ್ಯಾಪ್ ಮುಟ್ಟಬ್ಯಾಡ್ರಿ. ಕೈ ಮಾರಿ ಸುಟ್ಟಕೊಂಡವ್ರನ್ನ ನಾ ಕಣ್ಣಾರೆ ನೋಡೀನಿ.

ಪುಡಿ ಮಾತ್ರ ಹಾಕಿಸಬ್ಯಾಡ್ರಿ. ಅದು ಎಲ್ಲಿ ಸೋರತೈತಿ ಅಂತ ಹುಡುಕಿ ಹೋಗಿ ಮುಚ್ಚಂಗಿಲ್ಲ, ಸಣ್ಣ ತೂತು ಎಲ್ಲೆಲ್ಲಿ ಅದಾವೋ ಅಲ್ಲೆಲ್ಲಾ ಕುಂಡ್ರತೈತಿ. ರೇಡಿಯೇಟರಿನ ನಳಿಗಿ ಎಲ್ಲಾದಕ್ಕೂ ಸಣ್ಣವು.

ಬೆಂಗ್ಳೂರ್_ಡ್ರೈವ್

ಅಷ್ಟು ಹಳೇ ಗಾಡಿಗೆ ಇಷ್ಟು ಖರ್ಚು ಯಾಕೆ? ಸ್ಕ್ರ್ಯಾಪಿಗೆ ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್ ಆಲ್ಟೊ ತಗೊಳ್ಳಿ.

ಆಗುಂಬೆ_ಮಳೆ

ಎಫ್‌ಸಿ ಮಾಡಿಸಿ ಐದು ವರ್ಷಕ್ಕೆ ಆರ್‌ಸಿ ರಿನ್ಯೂವಲ್ ಆಗಿದೆ, ತಳದ ತಗಡು ಗಟ್ಟಿಯಾಗಿದೆ. ಅಪ್ಪ ದಿನಾ ಬೆಳಿಗ್ಗೆ ತೋಟಕ್ಕೆ ಇದರಲ್ಲೇ ಹೋಗೋದು. ಮಾರೋ ಮಾತೇ ಇಲ್ಲ.

ಟೆಸ್ಟ್ ಮಾಡಿದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಚೊಕ್ಕವಾಗಿದೆ. ಗುಳ್ಳೆ ಮಾತ್ರ ಅನ್ನದ ಪಾತ್ರೆ ಕುದಿಯೋ ಹಾಗೆ ಬರ್ತಿವೆ. ಸ್ಟಾರ್ಟ್ ಮಾಡಿದ ಒಂದೇ ನಿಮಿಷಕ್ಕೆ, ಇನ್ನೂ ನೀರು ಉಗುರುಬೆಚ್ಚಗೂ ಆಗಿಲ್ಲ, ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿ. ಗೆಳೆಯನ ಗೇಜ್ ತಂದು ಕಂಪ್ರೆಶನ್ ನೋಡಿದೆ: ಒಂದನೇ ಸಿಲಿಂಡರ್ 165 ಪಿಎಸ್‌ಐ, ಎರಡನೇದು 95, ಮೂರನೇದು 90. ಎರಡನೇದರ ಪ್ಲಗ್ ಮೈಸೂರಿನವರು ಹೇಳಿದ ಹಾಗೇ, ಸೋಪು ಹಾಕಿ ತೊಳೆದಂತಿದೆ.

ಮೈಸೂರು_800

ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಇಳಿದಿದ್ದರೆ ಅವೆರಡರ ನಡುವಿನ ಗ್ಯಾಸ್ಕೆಟ್ ಪಟ್ಟಿ ಸುಟ್ಟಿದೆ ಅಂತಲೇ ಅರ್ಥ. ಇನ್ನು ಅನುಮಾನ ಬೇಡ, ಬಿಚ್ಚಿ. ಈ ಕೆಲಸಕ್ಕೆ ಇಂಜಿನ್ ಇಳಿಸಬೇಕಾಗಿಲ್ಲ, ಗಾಡೀಲಿ ಇದ್ದ ಹಾಗೇ ಹೆಡ್ ಮೇಲೆ ಬರುತ್ತೆ.

ಪಾನಾ_ಹುಬ್ಬಳ್ಳಿ

ಬಿಚ್ಚೂ ರೀತಿ ಹೇಳ್ತೀನಿ. ಹಿಂದಿನ ದಿನಾನ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನಟ್ಟಿಗೆಲ್ಲಾ ತುಕ್ಕು ಬಿಡಸೋ ಎಣ್ಣಿ ಹೊಡದು ಬಿಡ್ರಿ. ಮಲೆನಾಡಿನ ಗಾಡಿ, ತುಕ್ಕು ಹಿಡದಿರತಾವು. ಜಗ್ಗಿ ತಿರುವಿ ಸ್ಟಡ್ ಮುರಿದ್ರ ಒಂದು ಸ್ಟಡ್ಡಿಗೆ ಒಂದು ದಿನ ಹೋಗತೈತಿ.

ಬ್ಯಾಟರಿ ನೆಗೆಟಿವ್ ತಗೀರಿ, ನೀರು ಇಳಸ್ರಿ. ಮೊದಲನೇ ಪಿಸ್ಟನ್ ಮ್ಯಾಲೆ ಬರೂಹಂಗ ಕ್ರ್ಯಾಂಕ್ ತಿರುವಿ, ಕ್ಯಾಮ್ ಪುಲ್ಲಿ ಗುರ್ತು ಕೂಡಿಸಿ, ಆಮ್ಯಾಲೆ ಟೈಮಿಂಗ್ ಬೆಲ್ಟ್ ತಗೀರಿ. ಡಿಸ್ಟ್ರಿಬ್ಯೂಟರಿಗೆ ಬಿಳಿ ಬಣ್ಣದಾಗ ಒಂದು ಗೀಟು ಹಾಕ್ರಿ. ಪ್ರತಿಯೊಂದು ಪೈಪಿಗೂ ಚೀಟಿ ಕಟ್ರಿ, ಮೊಬೈಲಿನ್ಯಾಗ ಫೋಟೋ ಹೊಡ್ಕೋರಿ. ಕಾರ್ಬ್ಯುರೇಟರಿನ ವ್ಯಾಕ್ಯೂಮ್ ಪೈಪ್ ನೋಡಾಕ ಎಲ್ಲಾ ಒಂದೇ ಥರ ಇರತಾವು, ಅದಲಿಬದಲಿ ಆದ್ರ ಐಡ್ಲಿಂಗ್ ನಿಲ್ಲಂಗಿಲ್ಲ.

ಹೆಡ್ ಬೋಲ್ಟು ಹೊರಗಿನಿಂದ ಒಳಗ, ಓರೆಯಾಗಿ, ಸ್ವಲ್ಪಸ್ವಲ್ಪ ಸಡ್ಲಸ್ರಿ. ಒಂದೇ ಕಡೆ ಪೂರಾ ತಗದ್ರ ಚೊಲೋ ಇದ್ದ ಹೆಡ್ಡೂ ಬೆಂಡ್ ಆಗತೈತಿ. ಇಂಜಿನ್ ಬಿಸಿ ಇದ್ದಾಗ ಅಂತೂ ಕೈ ಹಾಕಬ್ಯಾಡ್ರಿ. ಹೆಡ್ ಎದ್ದು ಬರಲಿಲ್ಲಾಂದ್ರ ಸಂದಿಯೊಳಗ ಸ್ಕ್ರೂಡ್ರೈವರ್ ತುರಕಬ್ಯಾಡ್ರಿ. ಕಟಗಿ ತುಂಡು ಇಟ್ಟು ಮೆಲ್ಲಕ ಬಡೀರಿ.

ಕುಡ್ಲ_ಓಮ್ನಿ

ನಡುವೆ ಒಂದು ಪ್ರಶ್ನೆ. ನಮ್ಮದೊಂದು ಓಮ್ನಿ ಉಂಟು, 2004ರದ್ದು. ಮದುವೆ ಮನೆಗೆ ಅಡುಗೆ ಪಾತ್ರೆ ತುಂಬಿಸಿಕೊಂಡು ಹೋಗ್ಲಿಕ್ಕೆ ಇಟ್ಟುಕೊಂಡದ್ದು. ಈಚೆಗೆ ನೀರು ಕಡಿಮೆ ಆಗ್ತಾ ಉಂಟು. ಸೀಟಿನ ಅಡಿಯಲ್ಲಿ ಇಂಜಿನ್ ಇರುವುದರಿಂದ ಬಿಸಿಯಾ ಅಲ್ಲವಾ ಗೊತ್ತೇ ಆಗುವುದಿಲ್ಲ. ನೋಡಿದವರು ಗ್ಯಾಸ್ಕೆಟ್ ಅಂತಲೇ ಹೇಳಿದ್ದಾರೆ ಮಾರಾಯ್ರೆ. ಸೀಸನ್ ಬೇರೆ ಸುರುವಾಯಿತು, ನನಗೆ ಹೆದರಿಕೆ. ಎಂತ ಮಾಡುವುದು?

ಮೈಸೂರು_800

ಅಕ್ಕ, ಓಮ್ನೀಲೂ ಅದೇ 796 ಸಿಸಿ ಇಂಜಿನ್, ಟೆಸ್ಟೂ ಅದೇ. ಮೊದಲು ಗುಳ್ಳೆ ನೋಡಿಸಿ. ಗುಳ್ಳೆ ಇಲ್ಲ, ಬೆಳಿಗ್ಗೆ ಸ್ಟಾರ್ಟಿಂಗ್ ನಯವಾಗಿದೆ ಅಂದರೆ ಗ್ಯಾಸ್ಕೆಟ್ ಮೇಲೆ ಕೈ ಹಾಕಿಸಬೇಡಿ. ರೇಡಿಯೇಟರ್ ಕ್ಯಾಪಿನ ಒಳಗಿನ ರಬ್ಬರ್ ನೋಡಿ, ಒಡೆದಿದೆಯಾ ಅಂತ. ಕ್ಯಾಪ್ ಮೇಲೆ 0.9 ಅಂತ ಇರುತ್ತೆ, ಅಷ್ಟು ಒತ್ತಡ ಹಿಡಿದಿಟ್ಟುಕೊಂಡರೆ ಒಳಗಿನ ನೀರು 100 ಡಿಗ್ರಿಗೆ ಕುದಿಯಲ್ಲ, ಸುಮಾರು 118ರ ತನಕ ತಡೆಯುತ್ತೆ. ಕ್ಯಾಪ್ ಸತ್ತರೆ ನೂರಕ್ಕೇ ಕುದಿದು ರಿಸರ್ವ್ ಬಾಟಲಿಯಿಂದ ಹೊರಗೆ ಚೆಲ್ಲುತ್ತೆ. ಓಡುವಾಗ ಚೆಲ್ಲೋದ್ರಿಂದ ನಿಂತಾಗ ಕೆಳಗೆ ಒದ್ದೆ ಕಾಣಲ್ಲ. ಓಮ್ನೀಲಿ ಮುಂದಿನ ರೇಡಿಯೇಟರಿಂದ ಇಂಜಿನ್ ತನಕ ಉದ್ದಕ್ಕೆ ಪೈಪ್ ಹಾದಿದೆ, ಅದರ ಜಾಯಿಂಟೂ ಒಂದೊಂದಾಗಿ ನೋಡಿಸಿ.

ಆಗುಂಬೆ_ಮಳೆ

ಶನಿವಾರ ಬೆಳಿಗ್ಗೆ ಏಳಕ್ಕೆ ಕೂತು ಸಂಜೆ ನಾಲ್ಕಕ್ಕೆ ಹೆಡ್ ಎತ್ತಿದೆ. ಮ್ಯಾನಿಫೋಲ್ಡಿನ ನಟ್ ಒಂದೇ ಎರಡು ಗಂಟೆ ತಿಂದಿತು, ಸ್ಟಡ್ ಮುರಿಯಲಿಲ್ಲ.

ಗ್ಯಾಸ್ಕೆಟ್ ಎತ್ತಿ ಬೆಳಕಿಗೆ ಹಿಡಿದೆ. ಎರಡು ಮತ್ತು ಮೂರರ ನಡುವೆ ಕಿರುಬೆರಳಿನ ಉಗುರಿನಷ್ಟು ಅಗಲ ಕರಿದು, ಆಚೆ ಬದಿ ಕಾಣೋ ಹಾಗೆ ತೂತಾಗಿದೆ. ಅಲ್ಲಿಂದ ಒಂದು ಕಪ್ಪು ಗೆರೆ ನೀರಿನ ತೂತಿನವರೆಗೆ ಹೋಗಿದೆ. ಒಂದನೇ ಪಿಸ್ಟನ್ ತಲೆ ಮಸಿ ಹಿಡಿದು ಕಪ್ಪಗಿದೆ, ಎರಡನೇದು ಹಬೆಯಲ್ಲಿ ತೊಳೆದು ಬೆಳ್ಳಗೆ ಹೊಳೀತಿದೆ. ಎರಡನ್ನೂ ಪಕ್ಕಪಕ್ಕ ನೋಡಿದಾಗ ನೀವು ಹೇಳಿದ್ದೆಲ್ಲ ಒಂದೇ ಸಲಕ್ಕೆ ಅರ್ಥ ಆಯ್ತು.

ಹೆಡ್ಡಿನ ಮುಖದ ಮೇಲೆ ಸ್ಟೀಲ್ ಪಟ್ಟಿ ಇಟ್ಟು, ಸಂದಿ ಅಳೆಯೋ ಫೀಲರ್ ಗೇಜ್ ತೂರಿಸಿದೆ. ಎರಡು-ಮೂರರ ನಡುವೆ 0.12 ಎಂ.ಎಂ. ಹಾಳೆ ಸಲೀಸಾಗಿ ಹೋಗುತ್ತೆ.

ಹುಬ್ಬಳ್ಳಿ ಅಣ್ಣ ಹೇಳಿದ್ದರಲ್ಲ, ಗ್ಯಾಸ್ಕೆಟ್ ಸುಡೋಕೆ ಏನೋ ಒಂದು ಕಾರಣ ಇರುತ್ತೆ ಅಂತ. ಅದೂ ಸಿಕ್ಕಿತು. ಬಿಚ್ಚೋ ಮುಂಚೆ ಕೊನೇ ಸಲ ಸ್ಟಾರ್ಟ್ ಮಾಡಿ ಬಿಸಿ ಆದಮೇಲೆ ಆಫ್ ಮಾಡಿ ರೇಡಿಯೇಟರ್ ಮೇಲೆ ಕೈ ಆಡಿಸಿದ್ದೆ. ಮೇಲೆಲ್ಲ ಮುಟ್ಟೋಕಾಗದಷ್ಟು ಬಿಸಿ, ಕೆಳಗಿನ ಮೂರನೇ ಒಂದು ಭಾಗ ತಣ್ಣಗೆ. ಈಗ ಅದನ್ನ ಇಳಿಸಿ ತಲೆಕೆಳಗು ಮಾಡಿ ನೀರು ಬಿಟ್ಟರೆ ಹಳದಿ-ಕಂದು ಬಣ್ಣದ ಕೆಸರು ಬಂತು. ಅಪ್ಪನಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಅದು ನಾನು ಹಾಕಿದ ಅರಿಶಿನ ಕಣೋ" ಅಂದರು. ಹದಿನೈದು ವರ್ಷದ ಹಿಂದೆ ಧರ್ಮಸ್ಥಳಕ್ಕೆ ಹೋಗುವಾಗ ರೇಡಿಯೇಟರ್ ಜಿನುಗಿ, ದಾರೀಲಿ ಒಬ್ಬ ಲಾರಿ ಡ್ರೈವರ್ ಹೇಳಿದ ಅಂತ ಅಂಗಡೀಲಿ ಅರಿಶಿನ ಪುಡಿ ತಗೊಂಡು ಹಾಕಿದ್ದರಂತೆ. ಆವತ್ತು ಸೋರೋದು ನಿಂತಿತ್ತು, ಮನೆಯವರೆಲ್ಲ ಕ್ಷೇಮವಾಗಿ ಮುಟ್ಟಿದ್ದರು. ಆಮೇಲೆ ತೊಳೆಸೋದು ಮರೆತುಹೋಗಿತ್ತು. ಅದರ ಮೇಲೆ ಇಷ್ಟು ವರ್ಷ ಕೂಲಂಟ್ ಇಲ್ಲದ ಬರೀ ನೀರು, ತುಕ್ಕು ಬೇರೆ ಸೇರಿದೆ.

ಜೊತೆಗೆ ಫ್ಯಾನಿನ ಅರ್ತ್ ವೈರ್ ಬಾಡಿಗೆ ಸೇರೋ ಜಾಗದಲ್ಲಿ ಪೂರ್ತಿ ತುಕ್ಕು. ಫ್ಯಾನ್ ತಿರುಗ್ತಿತ್ತು, ಅದಕ್ಕೇ ನಾನು ಯಾವತ್ತೂ ಅನುಮಾನ ಪಟ್ಟಿರಲಿಲ್ಲ. ವೈರ್ ಉಜ್ಜಿ ಹಾಕಿದ ಮೇಲೆ ತಿರುಗೋ ಸದ್ದೇ ಬೇರೆ. ಘಾಟೀಲಿ ಫಸ್ಟ್ ಗೇರಲ್ಲಿ ಎದುರುಗಾಳಿ ಇಲ್ಲದಾಗ ಆ ಫ್ಯಾನ್ ಒಂದೇ ದಿಕ್ಕು.

ಪಾನಾ_ಹುಬ್ಬಳ್ಳಿ

ಭಾಳ ಚೊಲೋ ಹುಡುಕೀರಿ. ಅಪ್ಪಾರಿಗೆ ಬ್ಯಾಸರ ಮಾಡ್ಕೋಬ್ಯಾಡ್ರಿ ಅಂತ ಹೇಳ್ರಿ. ಅಡವಿಯೊಳಗ ಸಂಸಾರ ಕರ್ಕೊಂಡು ನಿಂತಾಗ ಅರಿಶಿನ ಹಾಕೂದು ತಪ್ಪಲ್ಲ, ನಾವೂ ಹಾಕೇವಿ. ಊರು ಮುಟ್ಟಿದ ಮ್ಯಾಲೆ ತೊಳಿಬೇಕು ಅನ್ನೂದನ್ನ ಆ ಡ್ರೈವರ್ ಹೇಳಬೇಕಾಗಿತ್ತು.

ಲೇತ್_ಕೆಲಸ (ದಾವಣಗೆರೆ)

0.12 ಅಂದ್ರೆ ಫೇಸಿಂಗ್ (ಹೆಡ್ಡಿನ ಮುಖ ಕೆರೆದು ಸಮ ಮಾಡೋದು) ಆಗ್ಲೇಬೇಕು. 0.05 ಒಳಗಿದ್ದರೆ ಹಾಗೇ ಹಾಕಬಹುದು, ಅದಕ್ಕಿಂತ ಜಾಸ್ತಿ ಇದ್ದರೆ ಯಾವ ಹೊಸ ಗ್ಯಾಸ್ಕೆಟ್ಟೂ ಆ ಸಂದಿ ತುಂಬಲ್ಲ.

ಆದರೆ ಲೇತಿನವರಿಗೆ "ಸಮ ಆಗೋವಷ್ಟೇ ತೆಗೀರಿ" ಅಂತ ನಿಂತು ಹೇಳಿ. ಹೊಳಪು ಚೆನ್ನಾಗಿ ಬರಲಿ ಅಂತ ಇನ್ನೊಂದು ಸಲ ಓಡಿಸಿಬಿಡೋರು ಇದ್ದಾರೆ. ಹೆಡ್ ತೆಳ್ಳಗಾದಷ್ಟೂ ಕಂಪ್ರೆಶನ್ ಏರಿ ಇಂಜಿನ್ ಕುಟ್ಟೋಕೆ ಶುರು ಮಾಡುತ್ತೆ. ಫೇಸಿಂಗಿಗೆ ಮೊದಲೇ ಪ್ರೆಶರ್ ಟೆಸ್ಟ್ ಮಾಡಿಸಿ. ನೀರಿನ ದಾರಿ ಎಲ್ಲ ಮುಚ್ಚಿ, ಒಳಗೆ ಗಾಳಿ ತುಂಬಿ, ಬಿಸಿ ನೀರಲ್ಲಿ ಮುಳುಗಿಸ್ತಾರೆ. ವಾಲ್ವ್ ಸೀಟಿನ ಪಕ್ಕ ಸೀಳಿದ್ದರೆ ಸಾಲಾಗಿ ಗುಳ್ಳೆ ಏಳುತ್ತೆ. ಸೀಳು ಬಿಟ್ಟ ಹೆಡ್ಡಿಗೆ ಫೇಸಿಂಗ್ ಮಾಡಿದ್ರೆ ದುಡ್ಡು ನೀರಿಗೆ ಹಾಕಿದ ಹಾಗೆ.

ಹೆಡ್ ಕೈಯಲ್ಲಿ ಇರೋವಾಗಲೇ ವಾಲ್ವ್ ಲ್ಯಾಪಿಂಗ್ (ವಾಲ್ವನ್ನ ಸೀಟಿಗೆ ಉಜ್ಜಿ ಕೂರಿಸೋದು) ಮಾಡಿ, ವಾಲ್ವ್ ಸೀಲ್ ಬದಲಾಯಿಸಿಬಿಡಿ. ಬ್ಲಾಕಿನ ಮುಖ ಕ್ಲೀನ್ ಮಾಡುವಾಗ ಗ್ರೈಂಡರಿಗೆ ಉಜ್ಜೋ ಡಿಸ್ಕ್ ಹಾಕಿಕೊಂಡು ಇಳಿಯಬೇಡಿ. ಅದರ ಪುಡಿ ಆಯಿಲ್ ದಾರೀಲಿ ಇಳಿದು ಬೇರಿಂಗ್ ಕೆರೆಯುತ್ತೆ. ಸಿಲಿಂಡರಿಗೆ ಬಟ್ಟೆ ತುರುಕಿ, ಬ್ಲೇಡನ್ನ ಮಲಗಿಸಿ ಹಿಡಿದು ನಿಧಾನಕ್ಕೆ ಕೆರೆಯಿರಿ. ಬೇಜಾರಿನ ಕೆಲಸ, ಆದ್ರೂ ಎರಡು ಗಂಟೆ ಕೊಡಿ.

ಚಿತ್ರದುರ್ಗ_ಬಿಸಿಲು

ನನ್ನ ಅನುಭವ ಹೇಳ್ತೀನಿ. ಇಂಜಿನ್ ಕಾಯೋವರೆಗೂ ನೀರನ್ನ ರೇಡಿಯೇಟರಿಗೆ ಬಿಡದೆ ತಡೆಯೋ ಥರ್ಮೋಸ್ಟಾಟ್ ಇದೆಯಲ್ಲ, ಅದನ್ನ ತೆಗೆದು ಬಿಸಾಕಿ. ನಮ್ಮ ಬಿಸಿಲಿಗೆ ಅದು ಬೇಕಾಗಿಲ್ಲ. ನಾನು ತೆಗೆದು ಎಂಟು ವರ್ಷ ಆಯ್ತು, ಮುಳ್ಳು ಯಾವಾಗಲೂ ಕೆಳಗೇ.

ಮೈಸೂರು_800

ಈ ಮಾತಿಗೆ ನಾನು ಒಪ್ಪಲ್ಲ ಸರ್. ಮುಳ್ಳು ಯಾವಾಗಲೂ ಕೆಳಗೇ ಇದ್ದರೆ ಇಂಜಿನ್ ಯಾವಾಗಲೂ ತಣ್ಣಗೇ ಓಡ್ತಿದೆ ಅಂತ. ತಣ್ಣಗಿನ ಇಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಬೇಕು, ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ರಿಂಗ್ ಸವೆಸುತ್ತೆ. ಆಯಿಲ್ ಕ್ಯಾಪಿನ ಬಿಳಿ ಬೆಣ್ಣೆ ಜಾಸ್ತಿ ಆಗೋದೂ ಹೀಗೇ. ರೇಡಿಯೇಟರ್ ಕಟ್ಟಿಕೊಂಡಿರೋದನ್ನ ಥರ್ಮೋಸ್ಟಾಟ್ ತೆಗೆದು ಮುಚ್ಚಿಟ್ಟರೆ ಒಂದು ದಿನ ಘಾಟೀಲಿ ಹೊರಗೆ ಬರುತ್ತೆ. ನಿಮ್ಮ ಕಡೆ ಬೋರ್ ನೀರು ಗಡಸು, ರೇಡಿಯೇಟರಲ್ಲಿ ಸುಣ್ಣ ಕಟ್ಟಿರೋ ಸಾಧ್ಯತೆ ಇದೆ. ಒಮ್ಮೆ ಕೈ ಆಡಿಸಿ ನೋಡಿ, ದಯವಿಟ್ಟು.

ಪಾನಾ_ಹುಬ್ಬಳ್ಳಿ

ನಾವೂ ಹಿಂದ ತಗೀತಿದ್ವಿ, ಗಿರಾಕಿ ಕೇಳಿದ ಕೂಡಲೆ. ಈಗ ತಗಿಯಂಗಿಲ್ಲ. ಹಾಕೂ ಮುಂದ ಪಾತೇಲಿಯೊಳಗ ನೀರು ಕಾಸಿ ಬಿಡ್ರಿ. ಅದರ ಮ್ಯಾಲೆ ಬರದ ಡಿಗ್ರಿಗೆ ಬಾಯಿ ಬಿಡಬೇಕು, ಆರಿದ್ರ ಮುಚ್ಚಬೇಕು. ಹೊಸಾದನ್ನೂ ಹಂಗ ನೋಡೇ ಹಾಕ್ರಿ.

ಆಗುಂಬೆ_ಮಳೆ

ಶಿವಮೊಗ್ಗದಲ್ಲಿ ಲೇತ್ ಕೆಲಸ ಮುಗೀತು. ಸೀಳು ಇಲ್ಲ, ದೊಡ್ಡ ಸಮಾಧಾನ. ಪ್ರೆಶರ್ ಟೆಸ್ಟ್, ಫೇಸಿಂಗ್, ಲ್ಯಾಪಿಂಗ್ ಸೇರಿ 1,800. ಗ್ಯಾಸ್ಕೆಟ್ ಸೆಟ್ 850, ಹೊಸ ರೇಡಿಯೇಟರ್ 2,400, ಟೈಮಿಂಗ್ ಬೆಲ್ಟ್, ಥರ್ಮೋಸ್ಟಾಟ್, ಕ್ಯಾಪ್, ಎರಡು ಹೋಸ್ 1,650. ಕೂಲಂಟ್ ಮತ್ತು ಆಯಿಲ್ ಸೇರಿ ಎಂಟು ಸಾವಿರದೊಳಗೆ ಬಂತು. ಥರ್ಮೋಸ್ಟಾಟ್ ಮೇಲೆ 82 ಅಂತ ಇತ್ತು, ಅಮ್ಮನ ಹಳೇ ಪಾತ್ರೇಲಿ ಕಾಸಿ ನೋಡಿದೆ, ಬಾಯಿ ಬಿಟ್ಟಿತು.

ಭಾನುವಾರ ಜೋಡಿಸೋಕೆ ಕೂತೆ. ಬೋಲ್ಟ್ ಇಳಿಯೋ ತೂತಿನ ವಿಷಯ ಇಲ್ಲಿ ಯಾರೂ ಹೇಳಿರಲಿಲ್ಲ, ಬೋಲ್ಟನ್ನ ಲೆಕ್ಕದ ಬಿಗಿಗೆ ತಿರುಗಿಸೋ ಟಾರ್ಕ್ ರೆಂಚ್ ಕೊಟ್ಟ ಲೇತಿನ ಯಜಮಾನರು ಹೇಳಿ ಕಳಿಸಿದ್ದರು. ಹೆಡ್ ಎತ್ತುವಾಗ ಅದರೊಳಗೆ ನೀರು, ಆಯಿಲ್ ತುಂಬಿಕೊಂಡಿರುತ್ತೆ. ಹಾಗೇ ಬೋಲ್ಟ್ ಬಿಗಿದರೆ ನೀರಿಗೆ ಹೋಗೋಕೆ ಜಾಗ ಇಲ್ಲ, ರೆಂಚ್ ಸುಳ್ಳು ಲೆಕ್ಕ ಕೊಡುತ್ತೆ, ಬ್ಲಾಕ್ ಒಡೆದರೂ ಒಡೀಬಹುದು. ಬಟ್ಟೆ ಸುತ್ತಿದ ಕಡ್ಡಿಯಿಂದ ಒಂದೊಂದನ್ನೂ ಒರೆಸಿದೆ. ಎರಡರಲ್ಲಿ ನಿಜವಾಗಿಯೂ ನೀರಿತ್ತು.

ಗ್ಯಾಸ್ಕೆಟ್ಟಿನಲ್ಲಿ ಟಾಪ್ ಅಂತ ಬರೆದ ಮುಖ ಮೇಲೆ, ಆ ಅಕ್ಷರ ಪುಲ್ಲಿ ಕಡೆಗೆ. ಅಂಟು ಗಿಂಟು ಏನೂ ಹಚ್ಚಲಿಲ್ಲ. ಮ್ಯಾನುಯಲ್‌ನಲ್ಲಿರೋ ಟಾರ್ಕನ್ನ ಮೂರು ಕಂತು ಮಾಡಿ, ನಡುವಿನ ಬೋಲ್ಟಿಂದ ಶುರು ಮಾಡಿ ಓರೆಯಾಗಿ ಹೊರಗೆ ಹೋದೆ. ಅಪ್ಪ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಹಾಳೆ ಮೇಲೆ ಬೋಲ್ಟಿನ ನಂಬರ್ ಬರೆದು, ಪ್ರತಿ ಸಲ ಟಕ್ ಅಂದಾಗಲೂ ಒಂದು ಗುರುತು ಹಾಕ್ತಾ ಹೋದರು. ಬೆಲ್ಟ್ ಹಾಕಿದ ಮೇಲೆ ಸೆಲ್ಫ್ ಹೊಡೆಯದೆ ಕೈಯಲ್ಲೇ ಕ್ರ್ಯಾಂಕನ್ನ ಎರಡು ಪೂರ್ತಿ ಸುತ್ತು ತಿರುಗಿಸಿದೆ. ಗುರುತುಗಳು ಮತ್ತೆ ಸರಿಯಾಗಿ ಕೂಡಿದವು.

ಸ್ಟಾರ್ಟ್ ಆಯ್ತು. ಹತ್ತು ನಿಮಿಷ ಸೈಲೆನ್ಸರಿಂದ ದಟ್ಟ ಬಿಳಿ ಹೊಗೆ, ಎದೆ ಧಸಕ್ ಅಂತು. ಪೈಪಲ್ಲಿ ಉಳಿದಿದ್ದ ನೀರು ಅದು, ಆಮೇಲೆ ನಿಂತಿತು. ಹೀಟರ್ ಪೂರ್ತಿ ತೆರೆದು, ಕ್ಯಾಪ್ ತೆಗೆದಿಟ್ಟು, ಗಾಳಿ ಹೊರಗೆ ಬಂದು ಮಟ್ಟ ಇಳಿದ ಹಾಗೆಲ್ಲ ಕೂಲಂಟ್ ತುಂಬಿದೆ. ಫ್ಯಾನ್ ತಾನಾಗಿ ಎರಡು ಸಲ ಹತ್ತಿ ಆರೋವರೆಗೂ ಅಲ್ಲಿಂದ ಏಳಲಿಲ್ಲ. ಈಗ ಕಂಪ್ರೆಶನ್ 165, 160, 160.

ಪಾನಾ_ಹುಬ್ಬಳ್ಳಿ

ಶಾಬ್ಬಾಸ್ ತಮ್ಮಾ. 500 ಕಿಲೋಮೀಟರಿಗೆ ಆಯಿಲ್ ಒಮ್ಮೆ ಬದಲಿ ಮಾಡ್ರಿ, ಒಳಗ ಹೋದ ಹನಿ ನೀರು ಕಸ ಎಲ್ಲಾ ಬರಲಿ. ಟ್ಯಾಪೆಟ್ ಮತ್ತೊಮ್ಮೆ ನೋಡ್ರಿ. ಹೊಸಾ ಗ್ಯಾಸ್ಕೆಟ್ ಕುಂತ ಮ್ಯಾಲೆ ಸಂದಿ ಸ್ವಲ್ಪ ಬದಲಾಗತೈತಿ.

ಕುಡ್ಲ_ಓಮ್ನಿ

ಹೇಳಿ ಹೋಗುವ ಅಂತ ಬಂದೆ. ನಮ್ಮ ಓಮ್ನಿಯಲ್ಲಿ ಗುಳ್ಳೆ ಇರಲಿಲ್ಲ. ಕ್ಯಾಪಿನ ರಬ್ಬರ್ ಬೆರಳು ತಾಗಿಸಿದ ಕೂಡಲೇ ಪುಡಿಯಾಗಿ ಕೈಗೆ ಬಂತು. ಹೊಸ ಕ್ಯಾಪ್ ಹಾಕಿ ಮೂರು ವಾರ ಆಯಿತು, ಬಿ.ಸಿ.ರೋಡ್, ಪುತ್ತೂರು, ಮೂಡುಬಿದಿರೆ ಅಂತ ಆರು ಮದುವೆ ಮುಗಿಸಿದೆವು. ನೀರು ಹಾಗೆಯೇ ಉಂಟು. ಹೆಡ್ ಬಿಚ್ಚಲಿಕ್ಕೆ ಅಡ್ವಾನ್ಸ್ ಕೊಡುವವಳಿದ್ದೆ. ನಿಮಗೆಲ್ಲ ಉಪಕಾರ.

ಆಗುಂಬೆ_ಮಳೆ

ನಿನ್ನೆ ಅಪ್ಪನ್ನ ಕೂರಿಸಿಕೊಂಡು ಸೋಮೇಶ್ವರದವರೆಗೆ ಇಳಿದು, ಅದೇ ಘಾಟಿ ಹತ್ತಿದೆ. ಬೇಕಂತಲೇ ಒಂದು ಪಿಕಪ್ ಗಾಡಿಯ ಹಿಂದೆ ನಿಧಾನಕ್ಕೆ ಬಂದೆ. ಮುಳ್ಳು ಅರ್ಧ ದಾಟಲಿಲ್ಲ. ಒಂಬತ್ತನೇ ತಿರುವಲ್ಲಿ ಫ್ಯಾನ್ ಹತ್ತಿದ ಸದ್ದು ಕೇಳಿ ಅಪ್ಪ ಕಿಟಕಿ ಗಾಜು ಇಳಿಸಿದರು, ಅದು ಆರೋವರೆಗೂ ಮಾತಾಡಲಿಲ್ಲ. ಇವತ್ತು ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಅವರೇ ಬಾನೆಟ್ ಎತ್ತಿ ಕ್ಯಾಪ್ ತೆಗೆದು ನೋಡಿದ್ದರು. ಕೂಲಂಟ್ ಕುತ್ತಿಗೆವರೆಗೂ ಇದೆ.